ಗಿರಣಿ ಓಣಿಯ ಆರನೆಯ ಷರತ್ತು

ಆಗುವುದಿಲ್ಲ ಎಂದವನು ನನ್ನ ಸೋದರಮಾವ. ಅದೂ ಒಂದು ಸಲವಲ್ಲ, ಎರಡು ಸಲ.

ಮೊದಲನೆಯ ಸಲ ಹೇಳಿದ್ದು ನಾನು ಕಾಲೇಜಿಗೆಂದು ಅನಂತಪುರಕ್ಕೆ ಹೊರಟ ದಿನ. ಆದವಾನಿ ಸ್ಟೇಷನ್ನಿಗೆ ನನ್ನ ಟ್ರಂಕನ್ನು ತಾನೇ ಹೊತ್ತು ತಂದು ಇಳಿಸಿ, ತಲೆಯ ಮೇಲಿನ ಹಿಟ್ಟು ಕೊಡವಿಕೊಳ್ಳುತ್ತ ಹೇಳಿದ: “ನಿಮ್ಮಪ್ಪ ಹತ್ತಿ ಅಂಡಿಗಿ ಹೊತ್ತು ಹೊತ್ತು ಸತ್ತ. ಆ ಹೆಗಲ ಮ್ಯಾಗ ಬಿ.ಎ. ಗೌನು ಕುಂದ್ರತೈತಿ ಅಂತಿಯೇನು? ಆಗಂಗಿಲ್ಲಪಾ. ಹೋಗು, ನೋಡಿ ಬಾ. ಬಂದ ಮ್ಯಾಲೆ ಗಿರಣಿ ಅಂತೂ ಐತಿ.”

ಎರಡನೆಯ ಸಲ ಹೇಳಿದ್ದು ಐದು ವರ್ಷದ ಮೇಲೆ, ಅದೇ ಗಿರಣಿಯಲ್ಲಿ. ಅಷ್ಟರಲ್ಲಿ ನಾನು ಬಿ.ಎ. ಪಾಸಾಗಿ ಒಂದು ವಿಮಾ ಕಂಪನಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಗಿರಣಿಗೆ ಬಂದವರಿಗೆ ಪೆಟ್ಟಾದರೆ ನಿನ್ನ ಪರವಾಗಿ ಕಂಪನಿ ಪರಿಹಾರ ಕೊಡುತ್ತದೆ ಎಂದು ವಿವರಿಸಿದೆ. “ನನ್ನ ಗಿರಣ್ಯಾಗ ಯಾರದೋ ಕೈ ಮುರದರ ಮದರಾಸಿನಾಗ ಕುಂತಾವ ರೊಕ್ಕ ಕೊಡ್ತಾನ. ಆಗಂಗಿಲ್ಲಪಾ,” ಎಂದ. ಎರಡೂ ಸಲ ದನಿ ಒಂದೇ. ಬಯ್ಯುವ ದನಿಯಲ್ಲ, ಜೋಳ ತೂಗಿ, ಕಡಿಮೆ ಬಂದಿದೆ ಎಂದು ಹೇಳುವ ದನಿ.

ನಮ್ಮಪ್ಪ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ. ನಾನು ಏಳನೆಯ ತರಗತಿಯಲ್ಲಿದ್ದಾಗ ಹೋದ. ಅವ್ವ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬಂದಾಗ ಅವಳ ರೆಪ್ಪೆಗಳ ಮೇಲೂ ಹತ್ತಿಯ ಎಳೆ ಇರುತ್ತಿತ್ತು. ಗಿರಣಿಯ ಹಿಂದಿದ್ದ ಒಂದು ಕೋಣೆಯನ್ನು ಮಾವ ನಮಗೆ ಬಿಟ್ಟುಕೊಟ್ಟಿದ್ದ. ಅವನದು ಹಿಟ್ಟಿನ ಗಿರಣಿ. ಹಿಂದಿನ ಕೋಣೆಯಲ್ಲಿ ಎಂಜಿನ್ನು, ಮುಂದೆ ಬೀಸುವ ಕಲ್ಲು, ನಡುವೆ ಗೋಡೆಯ ಕಿಂಡಿಯಿಂದ ಹಾಯ್ದು ಬರುವ ಉದ್ದನೆಯ ಬೆಲ್ಟು. ಆ ಬೆಲ್ಟಿನ ಪಕ್ಕದ ಇಕ್ಕಟ್ಟಿನಲ್ಲೇ ಹೆಣ್ಣುಮಕ್ಕಳು ಬುಟ್ಟಿ ಸಾಲು ಹಚ್ಚಿ ನಿಲ್ಲುತ್ತಿದ್ದರು. ನಡುವೆ ಒಂದು ಹಲಗೆ ಅಡ್ಡ ಇರುತ್ತಿತ್ತು. ಆ ಹಲಗೆಯ ಮಾತು ಮುಂದೆ ಬರುತ್ತದೆ.

ಗಿರಣಿಯಿಂದ ನಾಲ್ಕನೆಯ ಮನೆ ದೊಡ್ಡವ್ವನದು. ನಮಗೆ ಸಂಬಂಧವೇನಲ್ಲ, ಓಣಿಯೆಲ್ಲ ಆಕೆಯನ್ನು ದೊಡ್ಡವ್ವ ಎಂದೇ ಕರೆಯುತ್ತಿತ್ತು. ಗಂಡನಿಲ್ಲ, ಮಕ್ಕಳಿಲ್ಲ. ಜೋಳದ ರೊಟ್ಟಿ ಬಡಿದು ಹಮಾಲರಿಗೆ ಮಾರಿ ಬದುಕುತ್ತಿದ್ದಳು. ನಾನು ಅನಂತಪುರದಲ್ಲಿದ್ದ ನಾಲ್ಕು ವರ್ಷವೂ ತಿಂಗಳಿಗೊಮ್ಮೆ ಆ ಕಡೆ ಹೋಗುವವರ ಕೈಯಲ್ಲಿ ಒಂದು ಗಂಟು ಕಳಿಸುತ್ತಿದ್ದಳು: ಒಣಗಿಸಿದ ರೊಟ್ಟಿ, ಶೇಂಗಾ ಪುಡಿ. ನನ್ನ ಕೋಣೆಯ ಆಚೀಚೆ ಇದ್ದವರೆಲ್ಲ ಉಂಡುಟ್ಟ ಮನೆಗಳ ಹುಡುಗರು, ತೆಲುಗಿನವರು. ಒಣರೊಟ್ಟಿ ಮುರಿದರೆ ಸದ್ದು ಗೋಡೆಯಾಚೆ ಕೇಳುತ್ತದೆ ಎಂದು ನಾನು ಅದನ್ನು ನೀರಿನಲ್ಲಿ ನೆನೆಸಿ ತಿನ್ನುತ್ತಿದ್ದೆ. ನಾಲ್ಕು ವರ್ಷದಲ್ಲಿ ಒಬ್ಬರನ್ನೂ ಊಟಕ್ಕೆ ಕರೆಯಲಿಲ್ಲ, ಒಬ್ಬರೂ ನನ್ನನ್ನು ಕರೆಯಲಿಲ್ಲ. ಅದಕ್ಕೆ ಯಾರನ್ನೂ ದೂರುವುದಿಲ್ಲ. ಓದಲು ಹೋಗಿದ್ದೆ, ಓದಿದೆ.

ಪಾಸಾಗಿ ಬರುವಷ್ಟರಲ್ಲಿ ಊರೇ ಜಿಲ್ಲೆ ಬದಲಿಸಿತ್ತು. ಅದುವರೆಗೆ ನಮ್ಮ ಜಿಲ್ಲೆಯಾಗಿದ್ದ ಬಳ್ಳಾರಿ ಮೈಸೂರಿಗೆ ಸೇರಿತ್ತು, ನಾವು ಆಂಧ್ರದ ಕರ್ನೂಲಿಗೆ. ಕಚೇರಿಗಳಲ್ಲಿ ಅರ್ಜಿ ತೆಲುಗಿನಲ್ಲಿ ಕೇಳುತ್ತಿದ್ದರು. ಮಾತಾಡಲು ನನಗೆ ತೆಲುಗು ಬರುತ್ತಿತ್ತು, ಬಜಾರಿನಲ್ಲಿ ಯಾರಿಗೆ ಬರುವುದಿಲ್ಲ? ಬರೆಯಲು ಕೈ ತಡವರಿಸುತ್ತಿತ್ತು. ಕನ್ನಡದಲ್ಲಿ ಕನಸು ಕಂಡು, ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು, ತೆಲುಗಿನಲ್ಲಿ ನೌಕರಿ ಬೇಡಬೇಕಾದವನ ಪಾಡು ಅದು. ಓಣಿಯಲ್ಲಿ ಡಿಗ್ರಿಯ ಮಾತಾಡಲು ಇನ್ನೊಬ್ಬನಿರಲಿಲ್ಲ. ಕಟ್ಟೆಯ ಮೇಲೆ ಕೂತವರು ನಾನು ಬಂದರೆ ಜಾಗ ಬಿಟ್ಟು ಸರಿದು ಕೂರುತ್ತಿದ್ದರು. ಗೌರವ ಅದು, ಗೊತ್ತು. ಆದರೆ ಅಲ್ಲಿಯ ಮಾತೂ ಅವರ ಜೊತೆ ಸರಿದುಬಿಡುತ್ತಿತ್ತು.

ಘಟಿಕೋತ್ಸವಕ್ಕೆ ಹೋಗಲಾಗಲಿಲ್ಲ. ಪ್ರಮಾಣಪತ್ರವನ್ನು ಅಂಚೆಯಲ್ಲಿ ಕಳಿಸಿರೆಂದು ಅರ್ಜಿ ಹಾಕಿ ಕಾಯುತ್ತಿದ್ದೆ. ಅದು ಬಂದ ಮೇಲೆಯೇ ನನ್ನ ಕೆಲಸ ಕಾಯಂ ಎಂದು ಕಚೇರಿಯ ಏಜೆಂಟರು ಹೇಳಿದ್ದರು. ಕಚೇರಿ ಎಂದರೆ ಹತ್ತಿ ದಲಾಲರೊಬ್ಬರ ಅಂಗಡಿಯ ಮಾಳಿಗೆಯ ಮೇಲಿನ ಒಂದು ಕೋಣೆ. ಏಜೆಂಟರು ವಯಸ್ಸಾದವರು. ದೊಡ್ಡ ಜಿನ್ನುಗಳಿಗೆ, ಹತ್ತಿ ಒತ್ತುವ ಪ್ರೆಸ್ಸುಗಳಿಗೆ ಬೆಂಕಿಯ ವಿಮೆ ಮಾಡಿಸುವುದರಲ್ಲೇ ಅವರ ಹೊತ್ತು ಹೋಗುತ್ತಿತ್ತು. ಸಣ್ಣ ಅಂಗಡಿಗಳವರಿಗೆಂದು ಮದರಾಸಿನಿಂದ ಬಂದ ಹೊಸ ಪಾಲಿಸಿಯ ಕಟ್ಟನ್ನು ನನ್ನ ಮೇಜಿಗೆ ತಳ್ಳಿದರು. “ಇದು ನಿಮ್ಮಂಥ ಓದಿದವರಿಗೆ ಸರಿ,” ಎಂದರು.

ಪಬ್ಲಿಕ್ ಲಯಬಿಲಿಟಿ ಎಂದು ಅದರ ಹೆಸರು. ಸಣ್ಣ ಅಕ್ಷರದ ನಾಲ್ಕು ಪುಟ. ಒಂದು ವಾರ ಕೂತು ನನ್ನಷ್ಟಕ್ಕೆ ಕನ್ನಡಕ್ಕೆ ಮಾಡಿಕೊಂಡೆ. ಸರಿಯೋ ತಪ್ಪೋ ನೋಡಿ ಹೇಳಲು ಯಾರೂ ಇರಲಿಲ್ಲ. ಮಂದಿ ಹೊಣೆ ಎಂದು ಹೆಸರಿಟ್ಟೆ. ಅದನ್ನು ಹಿಡಿದು ಬಜಾರಿನಲ್ಲಿ ತಿರುಗಿದೆ.

ಸೋಡಾ ಅಂಗಡಿಯವನು, “ಬಾಟ್ಲಿ ಒಡದರ ಹೋಗೋದು ನನ್ನ ಕಣ್ಣು, ಗಿರಾಕಿದಲ್ಲ. ನನ್ನ ಕಣ್ಣಿಗೆ ಕೊಡತೈತೇನು?” ಎಂದ. ಇಲ್ಲ ಎಂದೆ. “ಹಂಗಾರ ಮುಂದ ನಡೀರಿ, ಸಾಹೇಬ್ರ.” ಹೋಟೆಲಿನವನಿಗೆ ಸಿಟ್ಟೇ ಬಂತು: “ನನ್ನ ದ್ವಾಸಿ ತಿಂದು ಯಾವನು ಮಲಗ್ಯಾನ, ಹೆಸರು ಹೇಳ್ರಿ.”

ಒಂದು ಪಾಲಿಸಿಯೂ ಆಗಲಿಲ್ಲ. ಕೊನೆಗೆ ಮಾವನ ಮುಂದೆ ಕೂತೆ. ಎಂಜಿನ್ನು ನಿಲ್ಲಿಸಿ, ಬೀಡಿ ಹಚ್ಚಿ, ಅವನು ವಿಚಾರಣೆ ಶುರು ಮಾಡಿದ.

“ನನ್ನ ಗಿರಣಿ ಸುಟ್ಟರ ಕೊಡತೈತೇನು?”

“ಅದಕ್ಕ ಬೆಂಕಿ ಪಾಲಿಸಿ ಬೇರೆ ಐತಿ ಮಾವ.”

“ನಾ ಸತ್ತರ?”

“ಅದಕ್ಕೂ ಬೇರೆ.”

“ಎಂಜಿನ್ ನೋಡ್ಕೊಳ್ಳೋ ಆಳಿನ ಕೈ ಹೋದರ?”

“ಅದಕ್ಕ ಕಾಯ್ದೆನ ಬೇರೆ, ಪಾಲಿಸಿನೂ ಬೇರೆ.”

“ಎಲ್ಲಾ ಬೇರೆನ ಐತಲ್ಲೋ. ಮತ್ತ ಇದು ಯಾರಿಗೆ?”

“ಬೀಸಾಕ ಬರೋರಿಗೆ. ಹಾದೀಲೆ ಹೋಗೋರಿಗೆ. ನಿನ್ನ ಗಿರಣಿಯಿಂದ ಅವರ ಮೈಗೆ ಪೆಟ್ಟಾದರ, ಇಲ್ಲಾ ಅವರ ಸಾಮಾನು ಹಾಳಾದರ, ನೀ ಕೊಡಬೇಕಾಗಿದ್ದನ್ನ ಕಂಪನಿ ಕೊಡತೈತಿ. ಅವರು ಕೋರ್ಟಿಗೆ ಹೋದರ ವಕೀಲರ ಖರ್ಚೂ ಕಂಪನೀದು. ಒಂದು ಮಿತಿ ಇರತೈತಿ, ಅದರೊಳಗ. ನೀ ಬೇಕಂತ ಮಾಡಿರಬಾರದು. ಯಂತ್ರಾನ ಜ್ವಾಪಾನ ಇಟ್ಟಿರಬೇಕು. ಏನಾರ ಆದಕೂಡ್ಲೆ ಅವರಿಗೆ ತಿಳಿಸಬೇಕು.”

“ನಮ್ಮ ಓಣಿಯವರು ನನ್ನ ಮ್ಯಾಲೆ ಕೋರ್ಟಿಗೆ ಹೋಗ್ತಾರ?”

“ಹೋಗಂಗಿಲ್ಲ. ಆದರ ಅವರ ಕೈ ಮುರದರ ನೀ ಎಲ್ಲಿಂದ ಕೊಡ್ತಿ?”

ಆಗಲೇ ಅವನು ಆಗಂಗಿಲ್ಲಪಾ ಎಂದದ್ದು. ಬೀಡಿ ಸೇದಿ ಮುಗಿಸಿದ. ಆಮೇಲೆ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಮುಂದೆ ಚಾಚಿದ. “ಎಲ್ಲಿ ಒತ್ತಬೇಕು ತೋರಿಸು. ನೀ ಓದಿದ್ದು ಏನಕ್ಕಾರ ಬಂತು ಅಂತ ಆಗಲಿ.” ಹೆಬ್ಬೆಟ್ಟು ಒತ್ತಿದ. ಕಾಗದ ಬಂದ ಮೇಲೆ ಅದನ್ನು ಗೂಡಿನಲ್ಲಿ, ಉರುಕುಂದ ಈರಣ್ಣನ ಪಟದ ಹಿಂದೆ ಇಟ್ಟು, ಅದಕ್ಕೂ ಒಂದು ಬೊಟ್ಟು ವಿಭೂತಿ ಹಚ್ಚಿದ.

ಅಂದೇ ಆರನೆಯ ಷರತ್ತನ್ನೂ ಹೇಳಿದ್ದೆ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಪಾಲಿಸಿದಾರನು ತಪ್ಪನ್ನು ಒಪ್ಪಿಕೊಳ್ಳಬಾರದು, ಕೊಡುತ್ತೇನೆಂದು ಮಾತು ಕೊಡಬಾರದು, ಹಣ ಕೊಡಬಾರದು. “ಯಾರ ಮುಂದೂ ತಪ್ಪು ನಂದು ಅನಬ್ಯಾಡ ಮಾವ,” ಎಂದು ಎರಡು ಸಲ ಹೇಳಿದೆ. ಅವನು ನಕ್ಕ. “ತಪ್ಪು ಮಾಡಿ ತಪ್ಪಂತ ಅನ್ನದಿದ್ದರ ತಪ್ಪು ಎರಡಾಗತಾವಲ್ಲೋ,” ಎಂದು ಎಂಜಿನ್ನು ತಿರುಗಿಸಲು ಎದ್ದ.

ಗಿರಣಿಯ ಕುಕ್ ಕುಕ್ ಸದ್ದು ಗಾಳಿ ಇತ್ತ ಬೀಸಿದಾಗ ನನ್ನ ಕಚೇರಿಯವರೆಗೂ ಕೇಳುತ್ತಿತ್ತು. ಆ ಕೋಣೆಯಲ್ಲಿ ದಿನವಿಡೀ ಒಬ್ಬನೇ ಇರುತ್ತಿದ್ದ ನನಗೆ ಅದೊಂದೇ ಜೊತೆ. ಒಂದು ಸಂತೆಯ ದಿನ ಬೆಳಿಗ್ಗೆ, ಗಿರಣಿ ತುಂಬಿರಬೇಕಾದ ಹೊತ್ತಿನಲ್ಲಿ, ಆ ಸದ್ದು ಫಕ್ಕನೆ ನಿಂತಿತು. ಲೇಖನಿ ಇಟ್ಟು ಓಡಿದೆ.

ಆಗಿದ್ದು ಇಷ್ಟು. ಬೆಲ್ಟು ಜಾರುತ್ತಿದೆಯೆಂದು ಮಾವ ಹಲಗೆ ತೆಗೆದು, ಬೆಲ್ಟಿಗೆ ರಾಳ ಹಚ್ಚಿದ್ದ. ಸಾಲು ಉದ್ದವಿತ್ತು, ಮಂದಿ ಅವಸರ ಮಾಡುತ್ತಿದ್ದರು. ಹಲಗೆಯನ್ನು ಆಮೇಲೆ ಇಟ್ಟರಾಯಿತೆಂದು ಗೋಡೆಗೆ ಆನಿಸಿ ಎಂಜಿನ್ನು ಹಚ್ಚಿದ. ಹಿಂದಿನಿಂದ ನೂಕಿದ್ದಕ್ಕೆ ದೊಡ್ಡವ್ವನ ಬುಟ್ಟಿ ಬೆಲ್ಟಿನ ಕಡೆ ಜಾರಿತು. ಹಿಡಿಯಲು ಬಾಗಿದಳು. ಸೆರಗು ಸಿಕ್ಕಿತು. ಮಾವ ಬಡಿಗೆ ಹಾಕಿ ಬೆಲ್ಟನ್ನು ಗಾಲಿಯಿಂದ ಹಾರಿಸುವಷ್ಟರಲ್ಲಿ ಅವಳ ಬಲಗೈ ಮೊಣಕೈ ಕೆಳಗೆ ಮುರಿದಿತ್ತು. ರೊಟ್ಟಿ ಬಡಿಯುವ ಕೈ.

ಆಸ್ಪತ್ರೆಯಲ್ಲಿ ಕೈಗೆ ಹಲಗೆ ಕಟ್ಟಿಸಿಕೊಂಡು ಅವಳು ಮನೆಗೆ ಬಂದ ದಿನ, ಮಾವ ಮಿಂದು, ತೆಂಗಿನಕಾಯಿ, ಬೆಲ್ಲ ಹಿಡಿದು ಗಿರಣಿಯ ಬಾಗಿಲಿಗೆ ಬಂದ. ನಾನು ಬಾಗಿಲಲ್ಲಿ ಅಡ್ಡ ನಿಂತೆ.

ದೇವರಿಗೆ ತಪ್ಪುಕಾಣಿಕೆ ಇಡುವಂತೆ ನಮ್ಮ ಓಣಿಯಲ್ಲಿ ಮನುಷ್ಯರಿಗೂ ಇಡುತ್ತಿದ್ದರು. ನಿನ್ನ ಎತ್ತು ಹಾಯಲಿ, ನಿನ್ನ ಬಂಡಿಯ ಗಾಲಿ ತಾಗಲಿ, ಮೂರು ದಿನದೊಳಗೆ ಕಾಯಿ ಬೆಲ್ಲ ಹಿಡಿದು ಪೆಟ್ಟಾದವರ ಹೊಸ್ತಿಲಿಗೆ ಹೋಗಬೇಕು. ಕರೆದರೂ ಒಳಗೆ ಹೋಗಬಾರದು. ಹೊರಗೆ ನೆಲದ ಮೇಲೆ ಕೂತು, ನಮ್ಮಿಂದ ತಪ್ಪಾಗೈತಿ, ಎನ್ನಬೇಕು. ಅವರು ತಂಬಿಗೆ ನೀರು ತಂದಿಟ್ಟು, ನೀನು ಕುಡಿದರೆ, ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಆ ಮೂರು ದಿನಗಳಲ್ಲಿ ಸುಮ್ಮನೆ ನೋಡಿಬರಲು ಹೋಗುವುದು ಎಂಬುದೇ ಇಲ್ಲ. ಹೋದರೆ ಒಪ್ಪಿಕೊಂಡಂತೆ. ಕಾಯಿ ಇಲ್ಲದೆ ಹೋದರೆ ಅವಮಾನ ಮಾಡಿದಂತೆ. ಹೋಗದಿದ್ದರೆ ನೀನು ಮನುಷ್ಯನೇ ಅಲ್ಲ.

“ಹೋಗಬ್ಯಾಡ ಮಾವ. ಹೋದರ ಒಪ್ಪಿಕೊಂಡಂಗ. ಕಂಪನಿ ಕೈ ಬಿಡತೈತಿ. ಆಮೇಲೆ ದೊಡ್ಡವ್ವಗ ನೀ ಏನು ಕೊಡ್ತಿ?”

ಅವನು ನನ್ನ ಮುಖವನ್ನೇ ನೋಡಿದ. ನನ್ನ ಓದನ್ನು ಅವನು ಒಂದು ದಿನವೂ ನಂಬಿದವನಲ್ಲ. ಅಂದು ನಂಬಿದ. ಕಾಯಿಯನ್ನು ಈರಣ್ಣನ ಪಟದ ಮುಂದಿಟ್ಟು ಮೂಲೆಯಲ್ಲಿ ಕೂತ.

ಮೂರು ದಿನ ಗಿರಣಿ ಮುಚ್ಚಿಯೇ ಕಳೆಯಿತು. ನಾಲ್ಕನೆಯ ದಿನದಿಂದ ಗಿರಣಿಗೆ ಒಂದು ಬುಟ್ಟಿಯೂ ಬರಲಿಲ್ಲ. ಹೆಣ್ಣುಮಕ್ಕಳು ನಮ್ಮ ಬಾಗಿಲ ಮುಂದಿನಿಂದಲೇ, ತಲೆಯ ಮೇಲೆ ಬುಟ್ಟಿ ಹೊತ್ತು, ರೈಲ್ವೆ ಗೇಟಿನಾಚೆಯ ಗಿರಣಿಗೆ ಹೋಗುತ್ತಿದ್ದರು. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವ್ವ ನಲ್ಲಿಗೆ ಹೋದರೆ ಇದ್ದ ಮಾತು ನಿಲ್ಲುತ್ತಿತ್ತು. ಜಿನ್ನಿನಲ್ಲಿ ಪಕ್ಕದಲ್ಲಿ ಕೂರುವವಳು ಜಾಗ ಬದಲಿಸಿದಳಂತೆ. ಒಂದು ಸಂಜೆ ಅವ್ವ ನನ್ನ ಕಡೆ ನೋಡದೆ ಕೇಳಿದಳು: “ಅಷ್ಟು ಓದಿದ್ದು ಬಾಯಿ ಮುಚ್ಚಿಕೊಂಡು ಕುಂದ್ರಾಕೇನು?”

ನಾನು ಮದರಾಸಿಗೆ ಅಪಘಾತದ ದಿನವೇ ಬರೆದಿದ್ದೆ. ಉತ್ತರವಿರಲಿಲ್ಲ. ಕಚೇರಿಯಲ್ಲಿ ಕೂತರೆ ಕಿಟಕಿಯಿಂದ ಬರುತ್ತಿದ್ದ ಆ ಸದ್ದಿಲ್ಲ. ಅದಿಲ್ಲದ ಕೋಣೆ ಎಷ್ಟು ದೊಡ್ಡದೆಂದು ಆಗಲೇ ಗೊತ್ತಾಗಿದ್ದು. ಹತ್ತಾರು ಸಲ ಆರನೆಯ ಷರತ್ತನ್ನು ಓದಿದೆ. ನನ್ನ ಕನ್ನಡ ಸರಿಯೇ ಇತ್ತು. ಆದರೆ ಅದನ್ನು ಹಿಡಿದು ಯಾರ ಹತ್ತಿರ ಹೋಗಿ, ನೋಡಿ, ಸರಿ ಇದೆ, ಎನ್ನಲಿ? ಆ ಕಾಗದ ಓದಬಲ್ಲವರಿಗೆ ನಮ್ಮ ಹೊಸ್ತಿಲು ಗೊತ್ತಿರಲಿಲ್ಲ. ಹೊಸ್ತಿಲು ಗೊತ್ತಿದ್ದವರಿಗೆ ಕಾಗದ ಓದಲು ಬರುತ್ತಿರಲಿಲ್ಲ. ನಡುವೆ ನಾನೊಬ್ಬನೇ ಇದ್ದೆ. ಕಂಪನಿ ಕೊಡದೇ ಹೋದರೆ ದೊಡ್ಡವ್ವನ ಕೈಯೂ ಹೋಯಿತು, ಮಾವನ ಮರ್ಯಾದೆಯೂ ಹೋಯಿತು. ಎರಡನ್ನೂ ಕಳೆದವನು ಓಣಿಯ ಮೊದಲ ಬಿ.ಎ.

ಒಂಬತ್ತನೆಯ ದಿನ ಗಿರಣಿಯ ಮೂಲೆಯಲ್ಲಿ ಆ ಬುಟ್ಟಿ ಕಣ್ಣಿಗೆ ಬಿತ್ತು. ದೊಡ್ಡವ್ವನ ಜೋಳ. ಅಂದು ಚೆಲ್ಲಿದ್ದನ್ನು ಮಾವ ಬಳಿದು, ಕೇರಿ, ತುಂಬಿಟ್ಟಿದ್ದ. ಬೀಸಲು ಕೊಟ್ಟವರ ಕಾಳನ್ನು ಹಿಟ್ಟು ಮಾಡಿ ಮುಟ್ಟಿಸುವುದು ಗಿರಣಿಯ ಕೆಲಸ. ಅದರಲ್ಲಿ ತಪ್ಪೊಪ್ಪಿಗೆ ಇಲ್ಲ. ಮಾವ ಹೋಗುವ ಹಾಗಿಲ್ಲ. ಪಾಲಿಸಿಯಲ್ಲಿ ನನ್ನ ಹೆಸರಿಲ್ಲ.

“ಇದನ್ನ ಬೀಸು ಮಾವ. ನಾ ಒಯ್ತೀನಿ.”

ಒಂದು ಬುಟ್ಟಿಗಾಗಿ ಎಂಜಿನ್ನು ಹಚ್ಚಿದ. ಹಲಗೆಯನ್ನು ಮೊದಲು ಅದರ ಜಾಗದಲ್ಲಿಟ್ಟು, ಎರಡು ಕಡೆ ಮೊಳೆ ಬಡಿದ. ಒಂಬತ್ತು ದಿನದ ಮೇಲೆ ಆ ಸದ್ದು ಎದ್ದಾಗ ಓಣಿಯ ಬಾಗಿಲುಗಳಲ್ಲಿ ಮುಖಗಳು ಕಾಣಿಸಿಕೊಂಡವು. ಬಿಸಿ ಹಿಟ್ಟಿನ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ನಾನು ನಡೆದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದೆ. ಕಟ್ಟೆಯ ಮೇಲಿದ್ದ ಮುದುಕನೊಬ್ಬ, “ಏನಪಾ ಬಿ.ಎ., ಕಡೀಕೂ ಬುಟ್ಟಿ ಹೊರೋದ ಬಂತಲ್ಲ,” ಎಂದ. ಆ ದಿನಗಳಲ್ಲಿ ಓಣಿ ನನಗೆ ಆಡಿದ ಮೊದಲ ಮಾತು ಅದು. ನನಗೆ ಸಿಟ್ಟು ಬರಲಿಲ್ಲ.

ದೊಡ್ಡವ್ವ ಗೋಡೆಗೆ ಒರಗಿ ಕೂತಿದ್ದಳು. ಒಲೆ ತಣ್ಣಗಿತ್ತು.

“ಯಾರು, ಬಿ.ಎ. ಏನು? ಹಿಟ್ಟು ಅಲ್ಲಿಡು. ಬಡಿಯಾಕ ಕೈ ಇಲ್ಲದಾಕಿಗೆ ಹಿಟ್ಟು ತಂದಿ, ಚೊಲೋ ಆತು.”

ಇಟ್ಟೆ. ಹೊಸ್ತಿಲ ಹೊರಗೆ ಕೂತೆ.

“ನೀ ಯಾಕ ಹೊರಗ ಕುಂತಿ? ಒಳಗ ಬಾ. ನೀರು ಮಾತ್ರ ಕೊಡಂಗಿಲ್ಲ. ನೀರು ನಿಮ್ಮ ಮಾವಂದು. ಮಜ್ಜಿಗಿ ಐತಿ, ತಗೊಂಡು ಕುಡಿ.”

ಮಜ್ಜಿಗೆ ಕುಡಿದು, ಸುಳ್ಳು ಹೇಳಬಾರದೆಂದು ನಿರ್ಧರಿಸಿ, ಎಲ್ಲ ಹೇಳಿದೆ. ಕಾಗದ, ಹೆಬ್ಬೆಟ್ಟು, ಆರನೆಯ ಷರತ್ತು, ಬಾಗಿಲಿಗೆ ಅಡ್ಡ ನಿಂತವನು ನಾನೇ ಎಂಬುದು.

“ಅಂದ್ರ,” ಎಂದಳು ಕೊನೆಗೆ, “ನಿಮ್ಮ ಮಾವ ತಪ್ಪಾತು ಅಂದರ ನನಗ ಬರೋದು ಹೋಗತೈತಿ. ಅನ್ನದಿದ್ದರ ಬರತೈತಿ.”

“ಬರಬಹುದು.”

“ಖರೇ ಹೇಳಿದಾವನ ಕೈಯಾಗಿಂದ ಕಸ್ಕೊಳ್ಳೋ ಕಾಗದ. ಎಂಥಾ ಮಂದಿ ಬರದಾರ ಅದನ್ನ?”

ಅದಕ್ಕೆ ಉತ್ತರ ಈಗ ಗೊತ್ತಿದೆ. ಯಾರೋ ಒಬ್ಬರು ಗಾಬರಿಯಲ್ಲಿ ಆಡಿದ ಮಾತಿಗೆ ಕಂಪನಿ ಸಿಕ್ಕಿಬೀಳಬಾರದು, ಏನಾಯಿತೆಂದು ತಾನೇ ನೋಡಿ ತೀರ್ಮಾನಿಸಬೇಕು ಎಂಬುದಷ್ಟೇ ಅದರ ಉದ್ದೇಶ. ಅಂದು ಇದನ್ನು ಹೇಳಲು ಬಂದಿದ್ದರೂ ಅವಳ ಕೈಗೆ ಕಟ್ಟಿದ ಹಲಗೆಯನ್ನು ನೋಡುತ್ತ ಹೇಳಲಾಗುತ್ತಿರಲಿಲ್ಲ.

ಅವಳೇ ಮತ್ತೆ ಕೇಳಿದಳು: “ನಿಮ್ಮ ಮಾವ ಅನಬಾರದು. ನಾ ಅನಬಹುದೇನು?”

“ನೀ ಆಗಿದ್ದನ್ನೆಲ್ಲ ಹೇಳಬಹುದು ದೊಡ್ಡವ್ವ. ನೀ ಹೇಳಬೇಕು.”

“ಹಂಗಾರ ಬರಕೋ. ಓದಿದ್ದಿ, ಬರಿ.”

ಅಂಗಿಯ ಜೇಬಿನಲ್ಲಿ ಕಾಗದವಿತ್ತು. ಅವಳು ಹೇಳುತ್ತ ಹೋದಳು, ನಾನು ಬರೆದೆ. ಸಾಲು, ನೂಕಾಟ, ಇರಬೇಕಾದ ಜಾಗದಲ್ಲಿ ಇಲ್ಲದ ಹಲಗೆ, ಸೆರಗು. “ಇನ್ನೊಂದು ಬರಿ. ಬೆಲ್ಟಿನ ಹತ್ರ ಬರಬ್ಯಾಡ್ರಿ, ದೂರ ಸರೀರಿ ಅಂತ ಅವ ಎರಡು ಸಲ ಒದರಿದ್ದ. ನಾ ಕೇಳಲಿಲ್ಲ, ಬುಟ್ಟಿಗೆ ಬಾಗಿದೆ.”

ನನ್ನ ಕೈ ನಿಂತಿತು. “ಅದು ಬರದರ ನಿನಗ ಬರೋದು ಕಡಿಮಿ ಆಗಬಹುದು ದೊಡ್ಡವ್ವ.”

“ಆಗಿದ್ದನ್ನ ಬರಿ ಅಂದ್ಯಲ್ಲ? ಅದೂ ಆಗಿದ್ದ. ಬರಿ.”

ಬರೆದೆ. ಎಡಗೈ ಹೆಬ್ಬೆಟ್ಟು ಒತ್ತಿದಳು. ನಾಲ್ಕು ವರ್ಷ ಓದಿದವನಿಗಿಂತ ಅವಳಿಗೆ ಆ ನಾಲ್ಕು ಪುಟ ಚೆನ್ನಾಗಿ ತಿಳಿದಿತ್ತು ಎಂದು ಇವತ್ತಿಗೂ ನನಗೆ ಅನಿಸುತ್ತದೆ. ಸಂಜೆ ಕಚೇರಿಯಲ್ಲಿ ಕೂತು ಅದನ್ನು ಇಂಗ್ಲಿಷಿಗೆ ಮಾಡಿ ಮದರಾಸಿಗೆ ಕಳಿಸಿದೆ. ಹೊಸ್ತಿಲಿನ ರೂಢಿಯನ್ನೂ ಬರೆದು, ಪಾಲಿಸಿದಾರನು ಅದಕ್ಕಾಗಿಯೇ ಹೋಗಿಲ್ಲ, ಒಪ್ಪಿಗೆ ಕೊಡಬೇಕು ಎಂದು ಕೇಳಿದೆ. ತಪ್ಪುಕಾಣಿಕೆಗೆ ಇಂಗ್ಲಿಷಿನಲ್ಲಿ ಮಾತು ಸಿಗಲಿಲ್ಲ. ‘ಎ ಕೋಕನಟ್’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆದೆ.

ಎರಡು ವಾರದ ಮೇಲೆ ಕಂಪನಿಯ ಇನ್ಸ್‌ಪೆಕ್ಟರು ಗುಂತಕಲ್ಲಿನ ಕಡೆಯಿಂದ ರೈಲಿನಲ್ಲಿ ಬಂದಿಳಿದರು. ತೆಲುಗಿನವರು, ಬಿಳಿ ಪ್ಯಾಂಟು, ಕೈಯಲ್ಲಿ ಚರ್ಮದ ಚೀಲ. ಮೊದಲು ದೊಡ್ಡವ್ವನನ್ನು ಕಂಡು, ಆಮೇಲೆ ಗಿರಣಿಯಲ್ಲಿ ಕಾಳಿನ ಚೀಲದ ಮೇಲೆ ಕೂತರು. ಏನಾಯಿತು ಎಂದು ಮಾವನನ್ನು ಕೇಳಿದರು. ಮಾವ ನನ್ನ ಕಡೆ ನೋಡಿದ. ಆಮೇಲೆ ಎದ್ದು ಹೋಗಿ ಹಲಗೆಯ ಮೇಲೆ ಕೈ ಇಟ್ಟ.

“ಇದು ಇಲ್ಲಿ ಇರಬೇಕಾಗಿತ್ತು,” ಎಂದ. ಗೋಡೆಯ ಕಡೆ ತೋರಿಸಿದ. “ಆವತ್ತು ಅಲ್ಲಿತ್ತು.”

ಇನ್ಸ್‌ಪೆಕ್ಟರು ಅದನ್ನು ಬರೆದುಕೊಂಡು ಎದ್ದವರು, ಹೋಗುವ ಮುನ್ನ ಸುಮ್ಮನೆ ಎಂಬಂತೆ ಕೇಳಿದರು, ಆ ಹೆಣ್ಣುಮಗಳನ್ನು ಒಮ್ಮೆಯೂ ಹೋಗಿ ಮಾತಾಡಿಸಿಲ್ಲವಂತೆ, ಯಾಕೆ ಎಂದು. ಮಾವ ಹಲಗೆಯ ಮೊಳೆಯನ್ನು ಬೆರಳಿನಿಂದ ಒತ್ತಿ ನೋಡಿದ.

“ಪೋಕೂಡದನಿ ಎವರು ಚೆಪ್ಪಿನಾರು?” ಹೋಗಬಾರದೆಂದು ಯಾರು ಹೇಳಿದರು?

ಗಿರಣಿಯಲ್ಲಿದ್ದವರು ನಾವು ಮೂವರೇ. ಮಾವ ನನ್ನ ಕಡೆ ಬೆರಳು ಮಾಡಲಿಲ್ಲ. ನಾನೇ ಹೇಳಿದೆ, ನಾನೇ ಎಂದು. ಷರತ್ತಿನಲ್ಲಿ ಒಪ್ಪಿಕೊಳ್ಳಬೇಡ ಎಂದಿದೆ, ಕಾಣಬೇಡ ಎಂದಿಲ್ಲ ಎಂದರು ಇನ್ಸ್‌ಪೆಕ್ಟರು. ನೋವಾದವರನ್ನು ವಿಚಾರಿಸುವುದಕ್ಕೆ ಯಾವ ಕಂಪನಿ ಅಡ್ಡ ಬರುತ್ತದೆ ಎಂದು ಕೇಳಿದರು. ನಮ್ಮಲ್ಲಿ ಹೋಗುವುದೇ ಒಪ್ಪಿಕೊಳ್ಳುವುದು ಎಂದು ಮೂರು ಭಾಷೆಯಲ್ಲಿ ವಿವರಿಸಿದೆ. ತಲೆಯಾಡಿಸಿದರು. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ. ಸ್ಟೇಷನ್ನಿಗೆ ಅವರ ಜೊತೆ ನಡೆದು ಹೋಗಿ, ರೈಲು ಹೊರಟ ಮೇಲೆ ಪ್ಲಾಟ್‌ಫಾರಮ್ಮಿನ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಅವರೂ ಸರಿ, ಮಾವನೂ ಸರಿ, ಓಣಿಯೂ ಸರಿ. ಹಾಗಾದರೆ ಸರಿಯಿಲ್ಲದವನು ಒಬ್ಬನೇ ಉಳಿದ. ಮಾವನಿಗೆ ಅಡ್ಡ ನಿಲ್ಲುವ ಮೊದಲು ಮದರಾಸಿಗೆ ಒಂದು ತಂತಿ ಕೊಟ್ಟು ಕೇಳಬಹುದಾಗಿತ್ತು. ನನಗೆ ಗೊತ್ತಿದೆ ಎಂಬ ಗರ್ವ, ಕೇಳಲು ಬಿಡಲಿಲ್ಲ.

ಇವತ್ತು ಅಂಗಡಿ ಇಡುವ ಹುಡುಗರು ಬಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಈ ಪಾಲಿಸಿ ನಿನ್ನ ಗೋಡೆಗೂ ಅಲ್ಲ, ನಿನ್ನ ಆಳಿಗೂ ಅಲ್ಲ, ನಿನ್ನ ಹೊಸ್ತಿಲು ದಾಟಿ ಬರುವ ಪರರಿಗೆ. ಹಲಗೆ ಅದರ ಜಾಗದಲ್ಲಿರಲಿ. ಆಗಬಾರದ್ದು ಆದರೆ ಮೊದಲು ಆಸ್ಪತ್ರೆ, ಆಮೇಲೆ ಅಂದೇ ಕಂಪನಿಗೆ ಪತ್ರ. ಹಣದ ಮಾತು, ತಪ್ಪಿನ ಮಾತು ಆಡಬೇಡ, ಆದದ್ದನ್ನು ಆದಂತೆ ಹೇಳು. ಹೋಗಿ ಮಾತಾಡಿಸಬಹುದೇ ಎಂಬ ಅನುಮಾನ ಬಂದರೆ ಅಂದೇ ಕೇಳು. ನನ್ನ ಹಾಗೆ ಒಬ್ಬನೇ ಕೂತು ತೀರ್ಮಾನಿಸಬೇಡ.

ಮದರಾಸಿನ ಪತ್ರ ಬರಲು ಇನ್ನೂ ಮೂರು ವಾರ ಹಿಡಿಯಿತು. ಕಂಪನಿ ಹೊಣೆ ಒಪ್ಪಿತ್ತು. ದೊಡ್ಡವ್ವ ಹೇಳಿಸಿದ ಆ ಒಂದು ಸಾಲಿಗಾಗಿ ಸ್ವಲ್ಪ ಕಡಿತ ಮಾಡಿ, ಉಳಿದದ್ದನ್ನು ಅವಳಿಗೆ ಕೊಡುವುದೆಂದು ಬರೆದಿತ್ತು. ಕೊನೆಯಲ್ಲಿ ಒಂದು ಸಾಲು: ಪಾಲಿಸಿದಾರರು ತಮ್ಮ ಊರಿನ ರೂಢಿಯಂತೆ ನಡೆದುಕೊಳ್ಳಲು ಕಂಪನಿಯ ಅಭ್ಯಂತರವಿಲ್ಲ. ಆ ಸಾಲನ್ನು ಮಾವನಿಗೆ ಎರಡು ಸಲ ಓದಿ ಹೇಳಿದೆ.

ಅವನು ಹೊಸ ಕಾಯಿ ತಂದ. ನಾನು ಗಿರಣಿಯ ಬಾಗಿಲಲ್ಲಿ ನಿಂತು ನೋಡಿದೆ. ನಾಲ್ಕು ಮನೆ ದೂರ, ಅವನು ಹೊಸ್ತಿಲ ಹೊರಗೆ ಕೂತ. ತಲೆ ಬಾಗಿತ್ತು. ದೊಡ್ಡವ್ವ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಿಸಿಲಿತ್ತು. ಓಣಿಯವರು ತಮ್ಮ ತಮ್ಮ ಬಾಗಿಲಲ್ಲಿ ಕೆಲಸ ಮಾಡಿದಂತೆ ಮಾಡುತ್ತಿದ್ದರು. ಕೊನೆಗೆ ಎಡಗೈಯಲ್ಲಿ ತಂಬಿಗೆ ಹಿಡಿದು ಬಂದಳು. ನೀರು ಇಡುತ್ತ ಏನೋ ಅಂದಳು. ಮಾವನ ಭುಜ ಅಲುಗಿತು. ಅತ್ತನೋ ನಕ್ಕನೋ ಅಲ್ಲಿಂದ ಕಾಣಲಿಲ್ಲ. ನಾನು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಅದು ಅವರಿಬ್ಬರ ನೀರು.

ಮರುದಿನ ಗಿರಣಿಯ ಮುಂದೆ ಬುಟ್ಟಿಗಳ ಸಾಲು ಹತ್ತಿತು. ಅವಳ ಕೈ ಕೂಡಿತು, ಆದರೆ ಸೊಟ್ಟಗೆ. ಆಮೇಲೆ ಅವಳು ಬಡಿದ ರೊಟ್ಟಿಗಳೆಲ್ಲ ಮೊದಲಿಗಿಂತ ಸಣ್ಣವು. ಹಮಾಲರು ಅದೇ ದರಕ್ಕೆ ಕೊಂಡರು.

ಹತ್ತಿಯ ಹಂಗಾಮು ಶುರುವಾಗುವ ಹೊತ್ತಿಗೆ, ಒಂದು ಮಧ್ಯಾಹ್ನ, ಅಂಚೆಯವನು ಗಿರಣಿಗೆ ಬಂದ. ನಮ್ಮ ಕಾಗದಗಳೆಲ್ಲ ಗಿರಣಿಯ ವಿಳಾಸಕ್ಕೇ ಬರುತ್ತಿದ್ದವು. ರಿಜಿಸ್ಟರ್ ಮಾಡಿದ ಉದ್ದನೆಯ ಸುರುಳಿ. ಸಹಿ ಹಾಕಿ ಬಿಚ್ಚಿದೆ. ದಪ್ಪ ಕಾಗದ, ಮೇಲೆ ಮುದ್ರೆ, ನಡುವೆ ನನ್ನ ಹೆಸರು. ಅಷ್ಟು ವರ್ಷ ಅದನ್ನು ಕಂಡಾಗ ಏನೇನೋ ಆಗುತ್ತದೆಂದು ಅಂದುಕೊಂಡಿದ್ದೆ. ಎದೆಯಲ್ಲಿ ಏನೋ ಆಯಿತು ಕೂಡ. ಆದರೆ ಅದನ್ನು ಓದಿ ತೋರಿಸಲು ಸುತ್ತ ಒಬ್ಬರೂ ಇಲ್ಲ ಎಂಬುದೂ ಆಗಲೇ ತಟ್ಟಿತು. ಸಾಲಿನಲ್ಲಿ ನಿಂತ ಹೆಣ್ಣುಮಕ್ಕಳು ನೋಡುತ್ತಿದ್ದರು. ದೊಡ್ಡವ್ವ ತನ್ನ ಬುಟ್ಟಿಯನ್ನು ಹಲಗೆಯಿಂದ ದೂರ ಸರಿಸಿಕೊಂಡು ನಿಂತಿದ್ದಳು.

ಮಾವ ಎಂಜಿನ್ನು ನಿಲ್ಲಿಸಿ ಬಂದ. ನಾನು ಅದನ್ನು ಅವನ ಕೈಗೆ ಕೊಟ್ಟೆ. ಧೋತರಕ್ಕೆ ಎರಡೂ ಕೈ ಒರೆಸಿಕೊಂಡು, ಅಂಚು ಮಾತ್ರ ಹಿಡಿದು, ತಿರುವಿ ಮುರುವಿ ನೋಡಿದ. ಒರೆಸಿದರೂ ಮೂಲೆಯಲ್ಲಿ ಹಿಟ್ಟಿನ ಹೆಬ್ಬೆಟ್ಟೊಂದು ಮೂಡಿತು. ಅದು ಈಗಲೂ ಇದೆ.

“ಬಿ.ಎ. ಅಂದರ ಇದನ ಏನು?” ಎಂದ. ಹೌದೆಂದೆ. ಕಾಗದವನ್ನು ಕಣ್ಣಿನ ಹತ್ತಿರ ತಂದು, ಕೆಳಗಿನ ಸಾಲುಗಳ ಮೇಲೆ ಬೆರಳಾಡಿಸಿ, ನನಗೆ ತಿರುಗಿ ಕೊಟ್ಟ.

“ಇದರಾಗೂ ಸಣ್ಣ ಅಕ್ಷರ ಅದಾವು. ಮೊದಲ ಅದನ್ನ ಓದಪಾ. ಮತ್ತ ಯಾರ ಬಾಗಲಿಗೆ ಹೋಗಬ್ಯಾಡ ಅಂತ ಐತೋ ಏನೋ.”